ತುಂಬಿದ ಕಣಜ, ಸೋರುವ ಚಪ್ಪರ



ಹಸ್ತ ಮಳೆ ಮುಗಿದು ಚಿತ್ತೆ ಹಿಡಿಯುವ ಹೊತ್ತಿಗೆ ಭಟ್ಕಳ, ಹೊನ್ನಾವರ, ಕುಮಟೆಯ ಗದ್ದೆಗಳಲ್ಲಿ ಭತ್ತ ಹಳದಿಗೆ ತಿರುಗುತ್ತದೆ. ನಮ್ಮ ಮುಟ್ಟಳ್ಳಿಯಲ್ಲೂ ಹಾಗೆಯೇ. ಕೊಯ್ಲಿಗೆ ಮೊದಲು ಒಳ್ಳೆಯ ದಿನ ನೋಡಿ ಮನೆಯ ಯಜಮಾನ ಮಿಂದು ಗದ್ದೆಗೆ ಹೋಗುತ್ತಾನೆ, ತೆನೆಗೆ ಪೂಜೆ ಮಾಡಿ ಒಂದು ಹಿಡಿ ಕದಿರು ಕೊಯ್ದು ತಲೆಯ ಮೇಲಿಟ್ಟು ತರುತ್ತಾನೆ. ಮಾವಿನೆಲೆ, ಹಲಸಿನೆಲೆ, ಬಿದಿರೆಲೆ ಸೇರಿಸಿ ಆ ಕದಿರನ್ನು ಬಾಗಿಲಿಗೆ, ಕಣಜಕ್ಕೆ, ಕೊಟ್ಟಿಗೆಯ ಕಂಬಕ್ಕೆ, ನೊಗಕ್ಕೆ ಕಟ್ಟುತ್ತೇವೆ. ನಾಲ್ಕು ಹೊಸ ಭತ್ತವನ್ನು ಉಗುರಿನಿಂದ ಸುಲಿದು, ಆ ಅಕ್ಕಿಕಾಳನ್ನು ಪಾಯಸಕ್ಕೆ ಹಾಕಿ, ಮನೆಮಂದಿಯೆಲ್ಲ ಕೂತು ಉಣ್ಣುತ್ತೇವೆ. ಇದು ನಮ್ಮ ಹೊಸ್ತು. ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಸೆಪ್ಟೆಂಬರ್ 8ರ ಮೋಂತಿ ಹಬ್ಬದಂದು ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ತರುತ್ತಾರೆ. ಹೀಗೆ ಒಂದೇ ಬೆಳೆಗೆ ಊರಿನಲ್ಲಿ ಹಲವು ಹಬ್ಬಗಳಿವೆ.

ಇದೇ ದಿನಗಳಲ್ಲಿ ಜಗತ್ತಿನ ಯಹೂದಿಗಳೂ ಸುಗ್ಗಿಯ ಹಬ್ಬವೊಂದನ್ನು ಮಾಡುತ್ತಾರೆ. ಅದರ ಹೆಸರು ಸುಕ್ಕೋತ್. ಕನ್ನಡ ಬೈಬಲ್ ಓದಿದವರಿಗೆ ಅದು ಪರ್ಣಶಾಲೆಗಳ ಹಬ್ಬವೆಂದು ಗೊತ್ತು. ಮಳೆಗಾಲ ಮುಗಿದ ಮೇಲೆ ಗೋಕರ್ಣದ ಕುಡ್ಲೆ, ಓಂ ಕಡಲತೀರಗಳಿಗೆ ಇಸ್ರೇಲಿನ ಯುವಕ ಯುವತಿಯರು ಬರುವುದನ್ನು ಕುಮಟೆ ಕಡೆಯವರು ಬಹಳ ವರ್ಷಗಳಿಂದ ನೋಡಿದ್ದಾರೆ. ಅವರ ಊಟ, ಮಾತು, ಉಡುಪು ನಮಗೆ ಪರಿಚಯವಾಗಿದೆ, ಆದರೆ ಹಬ್ಬ ಪರಿಚಯವಾಗಿಲ್ಲ. ಒಂದು ಜನರ ಹಬ್ಬ ತಿಳಿದರೆ ಆ ಜನ ಯಾವುದಕ್ಕೆ ಹೆದರಿದರು, ಯಾವುದಕ್ಕೆ ಕೈಮುಗಿದರು, ಮಕ್ಕಳಿಗೆ ಏನನ್ನು ದಾಟಿಸಬೇಕೆಂದುಕೊಂಡರು ಎಂಬುದೆಲ್ಲ ತಿಳಿಯುತ್ತದೆ. ಆ ಕಾರಣಕ್ಕೇ ಇವತ್ತು ಸುಕ್ಕೋತಿನ ವಿಷಯ ಎತ್ತಿಕೊಂಡಿದ್ದೇನೆ.

ಯಹೂದಿ ಪಂಚಾಂಗವೂ ನಮ್ಮ ಪಂಚಾಂಗದಂತೆ ಚಂದ್ರನನ್ನು ಹಿಡಿದು ನಡೆಯುತ್ತದೆ, ಸೂರ್ಯನ ಲೆಕ್ಕ ತಪ್ಪದಂತೆ ಆಗಾಗ ಒಂದು ಅಧಿಕ ಮಾಸವನ್ನು ಸೇರಿಸಿಕೊಳ್ಳುತ್ತದೆ. 19 ವರ್ಷಕ್ಕೆ 7 ಅಧಿಕ ಮಾಸ, ಇದು ಅವರ ಕಟ್ಟುನಿಟ್ಟಿನ ಲೆಕ್ಕ. ನಮ್ಮಲ್ಲೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಸುಕ್ಕೋತ್ ಶುರುವಾಗುವುದು ತಿಶ್ರಿ ತಿಂಗಳ 15ನೆಯ ದಿನ, ಅಂದರೆ ಹುಣ್ಣಿಮೆಗೆ. ಕೆಲವು ವರ್ಷ ಅದು ಭಾದ್ರಪದದ ಹುಣ್ಣಿಮೆಗೆ ಬೀಳುತ್ತದೆ, ಕೆಲವು ವರ್ಷ ಆಶ್ವಯುಜದ ಹುಣ್ಣಿಮೆಗೆ. 2024ರಲ್ಲಿ ಅಕ್ಟೋಬರ್ 16ರ ಸಂಜೆ, 2025ರಲ್ಲಿ ಅಕ್ಟೋಬರ್ 6ರ ಸಂಜೆ ಹಬ್ಬ ಆರಂಭವಾಯಿತು. ಘಟ್ಟದ ಮೇಲೆ ಸಿದ್ದಾಪುರ, ಸಾಗರ, ಸೊರಬದ ರೈತರು ಬಸುರಿ ಭೂಮಿತಾಯಿಗೆ ಬಯಕೆಯ ಊಟ ಬಡಿಸುವ ಭೂಮಿ ಹುಣ್ಣಿಮೆಯೂ ಆ ಎರಡು ವರ್ಷ ಅದೇ ಚಂದ್ರನಡಿಯಲ್ಲಿ ನಡೆಯಿತು.

ಹುಣ್ಣಿಮೆ ಒಂದೇ ಆದರೂ ಮಳೆ ಬೇರೆ. ನಮಗೆ ಆಗ ಮಳೆಗಾಲ ಮುಗಿಯುತ್ತಿರುತ್ತದೆ. ಇಸ್ರೇಲಿನ ನೆಲದಲ್ಲಿ ಬೇಸಿಗೆ ಪೂರ್ತಿ ಹನಿ ಮಳೆಯಿಲ್ಲ, ಅಲ್ಲಿ ಮಳೆ ಶುರುವಾಗುವುದೇ ಸುಕ್ಕೋತಿನ ನಂತರ, ಚಳಿಗಾಲದ ಕಡೆಗೆ. ಬಾರ್ಲಿ, ಗೋಧಿಯ ಕೊಯ್ಲು ವಸಂತದಲ್ಲೇ ಮುಗಿದಿರುತ್ತದೆ. ದ್ರಾಕ್ಷಿ, ಅಂಜೂರ, ಖರ್ಜೂರ, ದಾಳಿಂಬೆ, ಆಲಿವ್ ಇವೆಲ್ಲ ಒಳಗೆ ಬರುವ ಕಾಲ ಇದು. ಹಾಗಾಗಿ ಸುಕ್ಕೋತಿಗೆ ಫಸಲನ್ನು ಒಳತುಂಬುವ ಹಬ್ಬವೆಂಬ ಹಳೆಯ ಹೆಸರೂ ಇದೆ. ಒಂದು ವರ್ಷದ ಫಸಲು ಮನೆಗೆ ಬಂತು, ಮುಂದಿನ ವರ್ಷದ ಮಳೆ ಇನ್ನೂ ಆಕಾಶದಲ್ಲಿದೆ. ಆ ಎರಡರ ನಡುವೆ ಈ ಹಬ್ಬ ಬರುತ್ತದೆ. ಜೆರುಸಲೇಮಿನ ದೇವಾಲಯ ನಿಂತಿದ್ದ ಕಾಲದಲ್ಲಿ ಈ ದಿನಗಳಲ್ಲಿ ಶಿಲೋವಾ ಕೊಳದಿಂದ ನೀರು ತಂದು ಬಲಿಪೀಠದ ಮೇಲೆ ಎರೆಯುತ್ತಿದ್ದರು. ಇಂದಿಗೂ ಸುಕ್ಕೋತಿನ ಏಳು ದಿನ ಮುಗಿದು ಎಂಟನೆಯ ದಿನದ ಹಬ್ಬ ಬಂದಾಗ ಮಳೆಗಾಗಿ ವಿಶೇಷ ಪ್ರಾರ್ಥನೆ ಮಾಡುತ್ತಾರೆ. ಮುಂಬಯಿಯ ಯಹೂದಿಯೂ ಅಮೆರಿಕದ ಯಹೂದಿಯೂ ಆ ಮಳೆಯನ್ನು ಕೇಳುವುದು ತಾವಿರುವ ಊರಿಗಲ್ಲ, ಇಸ್ರೇಲಿನ ನೆಲಕ್ಕೆ.

ಈ ಫಸಲಿನ ಲೆಕ್ಕ ಎಷ್ಟು ಹಳೆಯದು ಎಂಬುದಕ್ಕೆ ಒಂದು ಪುಟ್ಟ ಸುಣ್ಣದ ಕಲ್ಲು ಸಾಕ್ಷಿಯಾಗಿದೆ. 1908ರಲ್ಲಿ ಇಸ್ರೇಲಿನ ನೆಲದ ಗೆಜೆರ್ ಎಂಬಲ್ಲಿ ಉತ್ಖನನ ನಡೆದಾಗ ಅಂಗೈಯಗಲದ ಆ ಕಲ್ಲು ಸಿಕ್ಕಿತು. ಕ್ರಿಸ್ತಪೂರ್ವ 10ನೆಯ ಶತಮಾನದ್ದು. ವರ್ಷದ ಯಾವ ತಿಂಗಳು ಯಾವ ಬೇಸಾಯ ಎಂಬ ಪಟ್ಟಿ ಅದರಲ್ಲಿದೆ. ಬಿತ್ತನೆಗೆ ಇಷ್ಟು ತಿಂಗಳು, ಬಾರ್ಲಿ ಕೊಯ್ಲಿಗೆ ಇಷ್ಟು, ದ್ರಾಕ್ಷಿಗೆ ಇಷ್ಟು. ಪಟ್ಟಿ ಶುರುವಾಗುವುದು ಫಸಲನ್ನು ಒಳತುಂಬುವ ಎರಡು ತಿಂಗಳಿಂದ. ಅದು ಒಬ್ಬ ಹುಡುಗ ಅಕ್ಷರ ಕಲಿಯುವಾಗ ಕೊರೆದ ಅಭ್ಯಾಸ ಪಾಠವಿರಬಹುದೆಂದು ಹಲವು ವಿದ್ವಾಂಸರು ಹೇಳುತ್ತಾರೆ. ನಮ್ಮ ಹಿರಿಯರು ಮಕ್ಕಳಿಗೆ ಮಳೆನಕ್ಷತ್ರಗಳನ್ನು ಬಾಯಿಪಾಠ ಮಾಡಿಸಿದ್ದೂ ಇದೇ ಕಾರಣಕ್ಕೆ. ರೈತನ ಮಗುವಿಗೆ ಮೊದಲ ಪುಸ್ತಕ ವರ್ಷವೇ.

ಇನ್ನು ಹಬ್ಬದ ನಡುಮಧ್ಯಕ್ಕೆ ಬರೋಣ. ಸುಕ್ಕೋತಿನ ಏಳು ದಿನ ಮನೆಯವರು ಗಟ್ಟಿ ಮನೆ ಬಿಟ್ಟು ಹೊರಗೆ ಒಂದು ಚಪ್ಪರ ಕಟ್ಟಿಕೊಂಡು ಅದರೊಳಗೆ ಉಣ್ಣಬೇಕು, ಆಗುವುದಾದರೆ ಮಲಗಬೇಕು. ಆ ಚಪ್ಪರಕ್ಕೆ ಸುಕ್ಕಾ ಎನ್ನುತ್ತಾರೆ. ಕಾಡುಹಂದಿ ಕಾಯಲು ನಮ್ಮವರು ಗದ್ದೆಯಲ್ಲಿ ಮಾಳ ಕಟ್ಟುತ್ತಾರಲ್ಲ, ಅಂಥದೇ ಕಾವಲು ಗುಡಿಸಲು ಈ ಪದ್ಧತಿಯ ಬೇರಿನಲ್ಲಿದೆ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಧರ್ಮಗ್ರಂಥ ಅದಕ್ಕೆ ಇನ್ನೊಂದು ಅರ್ಥವನ್ನೂ ಸೇರಿಸಿತು. ಈಜಿಪ್ಟಿನ ದಾಸ್ಯದಿಂದ ಹೊರಬಂದ ಪೂರ್ವಿಕರು 40 ವರ್ಷ ಮರುಭೂಮಿಯಲ್ಲಿ ಗುಡಾರಗಳಲ್ಲಿ ಬಾಳಿದರು, ಅದನ್ನು ಮುಂದಿನ ಪೀಳಿಗೆಗಳು ಮರೆಯಬಾರದು ಎಂದು ಯಾಜಕಕಾಂಡದ 23ನೆಯ ಅಧ್ಯಾಯ ವಿಧಿಸುತ್ತದೆ.

ಈ ಚಪ್ಪರಕ್ಕೆ ನಿಯಮಗಳು ಬಹಳ. ಅದರಲ್ಲೂ ಮಾಡಿನ ನಿಯಮಗಳು ಗಮನಿಸಬೇಕಾದವು. ಮಾಡಿಗೆ ಹೊದಿಸುವುದು ನೆಲದಲ್ಲಿ ಬೆಳೆದದ್ದೇ ಆಗಿರಬೇಕು, ಅದೂ ಬೇರಿನಿಂದ ಕಡಿದದ್ದಾಗಿರಬೇಕು. ನಮ್ಮ ತೆಂಗಿನ ಮಡಲು ಆಗುತ್ತದೆ, ಅಡಿಕೆ ಸೋಗೆ ಆಗುತ್ತದೆ, ಬಿದಿರು ಆಗುತ್ತದೆ. ತಗಡು, ತಾಡಪಾಲು ಆಗುವುದಿಲ್ಲ. ಹಿತ್ತಲಿನ ಬಸಳೆ ಚಪ್ಪರದಡಿ ಕೂತರೆ ಸುಕ್ಕಾ ಆಗುವುದಿಲ್ಲ, ಯಾಕೆಂದರೆ ಬಳ್ಳಿ ಇನ್ನೂ ಮಣ್ಣಿನಲ್ಲಿ ಬೇರು ಬಿಟ್ಟುಕೊಂಡಿದೆ. ಮರದ ನೆರಳಿನಲ್ಲಿ, ಮನೆಯ ಜಗಲಿಯ ಮಾಡಿನ ಕೆಳಗೆ ಕಟ್ಟಿದರೂ ಆಗುವುದಿಲ್ಲ. ಮೇಲೆ ಬರೀ ಆಕಾಶವಿರಬೇಕು. ಹೊದಿಕೆ ಎಷ್ಟು ದಟ್ಟವಾಗಿರಬೇಕು? ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೆ ರಾತ್ರಿ ಸಂದಿನಿಂದ ನಕ್ಷತ್ರ ಕಾಣುವಷ್ಟು ತೆಳುವಾಗಿದ್ದರೆ ಒಳ್ಳೆಯದು. ಜೋರು ಮಳೆ ಬಂದರೆ ಒಳಗೆ ಸೋರಬೇಕು. ತಟ್ಟೆಯಲ್ಲಿರುವ ಅಂಬಲಿ ಕೆಡುವಷ್ಟು ಮಳೆ ಬಿದ್ದರೆ ಮನೆಯೊಳಗೆ ಹೋಗಬಹುದು ಎಂದು ಮಿಶ್ನಾ ಎಂಬ ಪ್ರಾಚೀನ ಗ್ರಂಥ ಹೇಳಿದೆ.

ಬೇಕೆಂದೇ ಸೋರುವ ಮಾಡು ಕಟ್ಟುವುದೇಕೆ? ಕಣಜ ತುಂಬಿದ ದಿನ ಮನುಷ್ಯನಿಗೆ ತನ್ನ ಗೋಡೆಯ ಮೇಲೆ, ತನ್ನ ತೋಳಿನ ಮೇಲೆ ನಂಬಿಕೆ ಅತಿಯಾಗುತ್ತದೆ. ಇದೆಲ್ಲ ನಾನೇ ದುಡಿದದ್ದು ಎನ್ನಿಸುತ್ತದೆ. ಸರಿಯಾಗಿ ಅದೇ ದಿನ ಹಬ್ಬ ಅವನನ್ನು ಹೊರಗೆ ಕರೆದು ಎಲೆಯ ಮಾಡಿನಡಿ ಕೂರಿಸುತ್ತದೆ. ಬೆಳೆ ಬಂದದ್ದು ಮಳೆಯಿಂದ, ಮಳೆ ನಿನ್ನ ಮಾತು ಕೇಳುವುದಿಲ್ಲ, ನಿನ್ನ ಅಜ್ಜ ಮನೆಯಿಲ್ಲದೆ ಅಲೆದವನು ಎಂದು ಏಳು ದಿನ ನೆನಪಿಸುತ್ತದೆ. ಉಪವಾಸ ಮಾಡಿಸಿ, ಅಳಿಸಿ ನೆನಪಿಸುವುದಲ್ಲ. ಯಹೂದಿ ಪ್ರಾರ್ಥನೆಯಲ್ಲಿ ಈ ಹಬ್ಬಕ್ಕೆ ‘ನಮ್ಮ ಸಂತೋಷದ ಕಾಲ’ ಎಂದೇ ಹೆಸರು. ಸಂತೋಷದೊಳಗೇ ಈ ಅರಿವನ್ನು ಇಟ್ಟದ್ದು ಅವರ ಹಿರಿಯರ ದೊಡ್ಡತನ.

ಆ ಸಂತೋಷ ಯಾರದ್ದು ಎಂಬುದನ್ನೂ ಅವರು ಬರೆದಿಟ್ಟಿದ್ದಾರೆ. ಧರ್ಮೋಪದೇಶಕಾಂಡದ 16ನೆಯ ಅಧ್ಯಾಯ ಈ ಹಬ್ಬದಲ್ಲಿ ಸಂತೋಷಪಡಬೇಕಾದವರನ್ನು ಹೆಸರಿಸುತ್ತ ಹೋಗುತ್ತದೆ: ಮಗ, ಮಗಳು, ಆಳು, ದಾಸಿ, ಸ್ವಂತ ಭೂಮಿಯಿಲ್ಲದ ಲೇವಿ ಕುಲದವನು, ಪರದೇಶಿ, ತಬ್ಬಲಿ, ವಿಧವೆ. ಬೆಳೆದವನ ಸಂತೋಷಕ್ಕೆ ಬೆಳೆಯದವರು ಪಾಲುದಾರರು. ಗದ್ದೆಯ ಒಂದು ಮೂಲೆಯನ್ನು ಕೊಯ್ಯದೆ ಬಡವರಿಗೆ ಬಿಡಬೇಕು, ಕೊಯ್ಯುವಾಗ ಬಿದ್ದ ತೆನೆಯನ್ನು ತಿರುಗಿ ಹೆಕ್ಕಬಾರದು ಎಂಬುದೂ ಅದೇ ಧರ್ಮದ ಕಟ್ಟಳೆ. ಸುಕ್ಕಾದೊಳಗೆ ಪ್ರತಿ ರಾತ್ರಿ ಒಬ್ಬೊಬ್ಬ ಪೂರ್ವಿಕನನ್ನು ಅತಿಥಿಯಾಗಿ ಕರೆಯುವ ಪದ್ಧತಿಯಿದೆ. ಅಬ್ರಹಾಮ, ಇಸಾಕ, ಯಾಕೋಬ, ಮೋಶೆ, ಆರೋನ, ಯೋಸೇಫ, ದಾವೀದ, ಹೀಗೆ ಏಳು ಜನ. ಆದರೆ ಬಡ ಅತಿಥಿಯೊಬ್ಬನನ್ನು ಊಟಕ್ಕೆ ಕೂರಿಸದ ಚಪ್ಪರಕ್ಕೆ ಆ ಪೂರ್ವಿಕರು ಬರುವುದಿಲ್ಲ ಎಂದು ಅವರ ಹಿರಿಯರು ಹೇಳುತ್ತಾರೆ.

ಹಬ್ಬದ ದಿನಗಳಲ್ಲಿ ನಾಲ್ಕು ಸಸ್ಯಗಳನ್ನು ಕೈಯಲ್ಲಿ ಹಿಡಿದು ಪ್ರಾರ್ಥಿಸುವ ಕ್ರಮವೂ ಇದೆ. ಇನ್ನೂ ಬಿಡಿಸಿಕೊಳ್ಳದ ಖರ್ಜೂರದ ಸುಳಿಗರಿ ಒಂದು, ಮಿರ್ಟಲ್ ಎಂಬ ಪರಿಮಳದ ಗಿಡದ ಕಡ್ಡಿ ಮೂರು, ಹೊಳೆಬದಿಯ ವಿಲೋ ಮರದ ಟೊಂಗೆ ಎರಡು. ಇವನ್ನು ಒಟ್ಟಿಗೆ ಕಟ್ಟಿ ಬಲಗೈಯಲ್ಲಿ ಹಿಡಿಯುತ್ತಾರೆ. ಎಡಗೈಯಲ್ಲಿ ಒಂದು ಮಾದಲ ಹಣ್ಣು. ನಾಲ್ಕು ದಿಕ್ಕಿಗೂ, ಮೇಲಕ್ಕೂ, ಕೆಳಕ್ಕೂ ಅವನ್ನು ಅಲುಗಿಸುತ್ತಾರೆ. ಮಾದಲಕ್ಕೆ ರುಚಿಯೂ ಇದೆ, ಪರಿಮಳವೂ ಇದೆ. ಖರ್ಜೂರಕ್ಕೆ ರುಚಿಯಿದೆ, ಪರಿಮಳವಿಲ್ಲ. ಮಿರ್ಟಲ್‌ಗೆ ಪರಿಮಳವಿದೆ, ರುಚಿಯಿಲ್ಲ. ವಿಲೋಗೆ ಎರಡೂ ಇಲ್ಲ. ಜನರಲ್ಲೂ ಹಾಗೆಯೇ, ಓದು ಮತ್ತು ಒಳ್ಳೆಯ ಕೆಲಸ ಎರಡೂ ಇರುವವರು, ಒಂದು ಮಾತ್ರ ಇರುವವರು, ಎರಡೂ ಇಲ್ಲದವರು ಇದ್ದಾರೆ. ನಾಲ್ವರನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಪ್ರಾರ್ಥನೆ ಪೂರ್ತಿಯಾಗುತ್ತದೆ ಎಂದು ಯಹೂದಿ ಗುರುಗಳು ಇದನ್ನು ವಿವರಿಸಿದ್ದಾರೆ. ಊರೊಟ್ಟಿನ ಕೆಲಸ ಮಾಡಿದವರಿಗೆ ಈ ಮಾತಿನ ಬೆಲೆ ಗೊತ್ತು.

ಈ ಮಾದಲ ಹಣ್ಣಿನ ಬಗ್ಗೆ ಇನ್ನೊಂದು ಮಾತು. ದಪ್ಪ ಸಿಪ್ಪೆಯ, ಉಬ್ಬುತಗ್ಗಿನ ಮೈಯ ಈ ಹಣ್ಣು ನಮ್ಮಲ್ಲಿ ದೇವರ ವಿಗ್ರಹಗಳ ಕೈಯಲ್ಲಿದೆ. ಕೊಲ್ಹಾಪುರದ ಮಹಾಲಕ್ಷ್ಮಿ ಹಿಡಿದಿರುವುದು ಮಾದಲವನ್ನೇ. ಅದರ ತವರು ಹಿಮಾಲಯದ ಪೂರ್ವದ ತಪ್ಪಲು. ಅಲ್ಲಿಂದ ಪರ್ಷಿಯಾ ದಾಟಿ ಅದು ಪಶ್ಚಿಮಕ್ಕೆ ಹೋಯಿತು. ಜೆರುಸಲೇಮಿನ ಹತ್ತಿರದ ರಾಮತ್ ರಾಹೇಲ್ ಎಂಬಲ್ಲಿ ಪರ್ಷಿಯನ್ನರ ಆಳ್ವಿಕೆಯ ಕಾಲದ ಅರಮನೆ ತೋಟದ ಗೋಡೆಯ ಗಾರೆಯಲ್ಲಿ ಮಾದಲ ಹೂವಿನ ಪರಾಗ ಸಿಕ್ಕಿದೆ. ಯಹೂದಿಗಳು ತಮ್ಮ ಹಬ್ಬಕ್ಕೆ ಕಲೆಯಿಲ್ಲದ, ತುದಿಯ ಮೊಗ್ಗು ಮುರಿಯದ ಹಣ್ಣನ್ನು ಹುಡುಕಿ ಆರಿಸಿ, ನಾರಿನಲ್ಲಿ ಸುತ್ತಿ ಜೋಪಾನ ಮಾಡುತ್ತಾರೆ. ಅವರು ಅಷ್ಟು ಜೋಪಾನ ಮಾಡುವುದು ನಮ್ಮ ಕಡೆಯಿಂದ ಹೋದ ಹಣ್ಣನ್ನು.

ಹಣ್ಣು ಅತ್ತ ಹೋದಂತೆ ಜನ ಇತ್ತ ಬಂದರು. ಟುನೀಸಿಯಾದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರಿಂದ 1149ರವರೆಗೆ ಮಂಗಳೂರಿನಲ್ಲಿ ನೆಲೆಸಿ ಕಾಳುಮೆಣಸು, ಏಲಕ್ಕಿ, ಅಡಿಕೆಯನ್ನು ಏಡನ್ ಬಂದರಿಗೆ ಕಳಿಸುತ್ತಿದ್ದ. ಅವನ ಕಾಗದಪತ್ರಗಳು ಕೈರೋದ ಯಹೂದಿ ಮಂದಿರವೊಂದರ ಕೋಣೆಯಲ್ಲಿ ಉಳಿದು ಇಂದು ವಿದ್ವಾಂಸರ ಕೈ ಸೇರಿವೆ. ಉತ್ತರಕ್ಕೆ ಹೋದರೆ ಇದೇ ಕೊಂಕಣ ತೀರದಲ್ಲಿ, ಅಲಿಬಾಗ್ ಸುತ್ತಮುತ್ತ, ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯ ಬಹಳ ಹಿಂದಿನಿಂದ ಬಾಳಿತು. ಹಡಗು ಒಡೆದು ನವಗಾಂವ್ ದಡ ಸೇರಿದ ಏಳು ಗಂಡಸರು, ಏಳು ಹೆಂಗಸರ ಸಂತತಿ ತಾವು ಎಂದು ಅವರು ನಂಬುತ್ತಾರೆ. ಗಾಣದಲ್ಲಿ ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು ಶನಿವಾರ ತೇಲಿ ಎಂದು ಕರೆದರು. ನಮ್ಮಲ್ಲಿ ಅಂಕೋಲೇಕರ, ಕಾರವಾರಕರ ಇದ್ದಂತೆ ಅವರಲ್ಲಿ ಪೇಣಕರ, ರೋಹೇಕರ, ಕಿಹೀಮಕರ ಇದ್ದಾರೆ.

ಈ ಜನರ ಕಥೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದು. ಹಡಗು ಒಡೆದಾಗ ಗ್ರಂಥಗಳೆಲ್ಲ ಸಮುದ್ರ ಪಾಲಾದವು ಎಂದು ಅವರೇ ಹೇಳುತ್ತಾರೆ. ಹೀಬ್ರೂ ಮರೆತುಹೋಯಿತು, ಮನೆಮಾತು ಮರಾಠಿಯಾಯಿತು. ದೇವರೊಬ್ಬನೇ ಎಂದು ಸಾರುವ ಶೆಮಾ ಎಂಬ ಪ್ರಾರ್ಥನೆಯೊಂದು ಬಾಯಲ್ಲಿ ಉಳಿಯಿತು. ಅದು ಬಿಟ್ಟರೆ ಉಳಿದದ್ದು ಅಡುಗೆಮನೆ ಮತ್ತು ಹಬ್ಬ. ತಿಶ್ರಿ ತಿಂಗಳಲ್ಲಿ ಅವರು ಖೀರಿಚಾ ಸಣ ಎಂಬ ಹಬ್ಬ ಮಾಡುತ್ತಿದ್ದರು. ಹೊಸ ಧಾನ್ಯಕ್ಕೆ ತೆಂಗಿನ ಹಾಲು, ಸಿಹಿ ಸೇರಿಸಿ ಖೀರು ಮಾಡಿ, ಧೂಪ ಹಾಕಿ, ಪ್ರಾರ್ಥಿಸಿ ಉಣ್ಣುತ್ತಿದ್ದರು. ಸುಕ್ಕೋತಿನ ನೆನಪೇ ಹೀಗೆ ಖೀರಾಗಿ ಉಳಿದಿದೆ ಎಂದು ಆ ಸಮುದಾಯದ ಇತಿಹಾಸ ಬರೆದವರು ಊಹಿಸಿದ್ದಾರೆ. ಹೊಸ ಅಕ್ಕಿ, ತೆಂಗಿನ ಹಾಲು, ಸಿಹಿ. ನಮ್ಮ ಹೊಸ್ತಿನ ಪಾಯಸದಿಂದ ಅದು ಎಷ್ಟು ದೂರ? ಹರಕೆ ತೀರಿದಾಗ, ಮದುವೆಗೆ ಮುಂಚೆ, ಮನೆಗೆ ಒಳ್ಳೆಯದಾದಾಗ ಅವರು ಇಂದಿಗೂ ಮಲಿದಾ ಮಾಡುತ್ತಾರೆ. ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ ಹಾಕಿ, ಸುತ್ತ ಹಣ್ಣುಗಳನ್ನಿಟ್ಟು ಪ್ರವಾದಿ ಎಲಿಯಾನನ್ನು ನೆನೆದು ಎಲ್ಲರಿಗೂ ಹಂಚುತ್ತಾರೆ.

ಅವರನ್ನು ಯಹೂದಿಗಳೆಂದು ಹೊರಗಿನವರು ಗುರುತಿಸಿದ್ದೂ ಅಡುಗೆಮನೆಯಿಂದಲೇ ಎಂಬ ಐತಿಹ್ಯವಿದೆ. ದಾವಿದ್ ರಹಬಿ ಎಂಬಾತ ಬಂದು ಹೆಂಗಸರ ಮುಂದೆ ಬಗೆಬಗೆಯ ಮೀನು ಇಟ್ಟನಂತೆ. ಹುರುಪೆ ಮತ್ತು ಈಜುರೆಕ್ಕೆ ಇಲ್ಲದ ಮೀನುಗಳನ್ನು ಅವರು ತಾವಾಗಿಯೇ ಬದಿಗೆ ಸರಿಸಿದರಂತೆ. ಅದು ಯಹೂದಿ ಧರ್ಮದ ಆಹಾರ ನಿಯಮ. ಯಾಕೆ ಎಂದು ಕೇಳಿದರೆ, ನಮ್ಮ ಅಜ್ಜಿ ಹಾಗೆ ಮಾಡುತ್ತಿದ್ದಳು ಎಂಬುದಕ್ಕಿಂತ ಹೆಚ್ಚಿನ ಉತ್ತರ ಅಂಥ ಮನೆಗಳಲ್ಲಿ ಬೇಕಾಗುವುದಿಲ್ಲ.

ಆಮೇಲೆ ಪುಸ್ತಕಗಳೂ ಬಂದವು, ಶಾಲೆಯೂ ಬಂತು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆ ಸೇರಿ ಬಿಡುಗಡೆಯಾದ ಸ್ಯಾಮುಯೆಲ್ ದಿವೇಕರ ಎಂಬ ಬೆನೆ ಇಸ್ರೇಲ್ ಸೈನಿಕ, ಸೆರೆಯಲ್ಲಿ ಹೊತ್ತ ಹರಕೆಯಂತೆ 1796ರಲ್ಲಿ ಮುಂಬಯಿಯಲ್ಲಿ ಮಂದಿರ ಕಟ್ಟಿಸಿದನೆಂದು ಅವರಲ್ಲಿ ಹೇಳುತ್ತಾರೆ. 1832ರಲ್ಲಿ ಜಾನ್ ವಿಲ್ಸನ್ ಎಂಬ ಕ್ರೈಸ್ತ ಮಿಷನರಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದರು. 1875ರಲ್ಲಿ ಹಾಯೀಮ್ ಸ್ಯಾಮುಯೆಲ್ ಕಿಹೀಮಕರ ಸಮುದಾಯದ ಮಕ್ಕಳಿಗಾಗಿ ಮುಂಬಯಿಯಲ್ಲಿ ಶಾಲೆ ತೆರೆದರು. ಸುಕ್ಕೋತನ್ನು ಶಾಸ್ತ್ರೋಕ್ತವಾಗಿ ಮಾಡುವುದನ್ನು ಸಮುದಾಯದವರು ಹೊಸದಾಗಿ ಕಲಿತರು. 1948ರ ನಂತರ ಬಹುಪಾಲು ಕುಟುಂಬಗಳು ಇಸ್ರೇಲಿಗೆ ಹೋದವು. ಅಲ್ಲಿಗೂ ಮಲಿದಾ ಜೊತೆಗೆ ಹೋಯಿತು. ಇಲ್ಲಿ ಉಳಿದವರು ಇಂದಿಗೂ ಮುಂಬಯಿಯ ಮಂದಿರದ ಅಂಗಳದಲ್ಲಿ ಚಪ್ಪರ ಕಟ್ಟಿ ಹಣ್ಣು ತೂಗುಹಾಕುತ್ತಾರೆ. ಹೊರಗಿನವರು ಬಂದು ಕಲಿಸಲು ಏನಾದರೂ ಉಳಿದಿರಬೇಕಲ್ಲ, ಅದನ್ನು ನೂರಾರು ವರ್ಷ ಉಳಿಸಿದ್ದು ಪುಸ್ತಕವಿಲ್ಲದ ಆ ತಾಯಂದಿರ ಖೀರು.

ಕೇಳುಗರೇ, ನಮ್ಮ ಕರಾವಳಿಗೆ ಇದರಲ್ಲಿ ಪಾಠವಿದೆ. ಗದ್ದೆಗಳು ಹಡಿಲು ಬೀಳುತ್ತಿವೆ. ಕದಿರು ಕಟ್ಟಬೇಕೆಂದರೆ ಪಕ್ಕದ ಮನೆಯವರ ಗದ್ದೆಯಲ್ಲಿ ಕೇಳಿ ತರುವ ಸ್ಥಿತಿ ಬಹಳ ಮನೆಗಳಲ್ಲಿದೆ. ಗದ್ದೆಯೇ ಇಲ್ಲದ ಮೇಲೆ ಹೊಸ್ತು ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಒಂದು ಗುಂಟೆ ಗದ್ದೆಯಿಲ್ಲದ ಯಹೂದಿ ಕುಟುಂಬಗಳು ನಗರಗಳ ಬಾಲ್ಕನಿಗಳಲ್ಲಿ ಇಂದಿಗೂ ಸುಕ್ಕಾ ಕಟ್ಟುತ್ತವೆ. ಭೂಮಿ ಕೈಬಿಟ್ಟು ಸಾವಿರಾರು ವರ್ಷ ಕಳೆದರೂ ಅವರು ಸುಗ್ಗಿಯ ಹಬ್ಬ ಬಿಡಲಿಲ್ಲ. ಉಣ್ಣುವವನಿಗೂ ಫಸಲಿನ ಋಣವಿದೆ ಎಂಬುದು ಅವರಿಗೆ ಗೊತ್ತಿತ್ತು. ಭತ್ತ ಬೆಳೆಯದವನೂ ಅನ್ನ ಉಣ್ಣುತ್ತಾನೆ.

ಇನ್ನೊಂದು ಮಾತನ್ನು ಮುಟ್ಟಳ್ಳಿಯವರು ಹೇಳದೆ ಬಿಡಬಾರದು. 2022ರ ಆಗಸ್ಟ್ 2ರಂದು ಸುರಿದ ಭಾರೀ ಮಳೆಗೆ ನಮ್ಮೂರಿನಲ್ಲಿ ಗುಡ್ಡ ಕುಸಿದು ಮನೆಯ ಮೇಲೆ ಬಿತ್ತು, ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜರಿಯಿತು. ಗೋಡೆ ಗಟ್ಟಿಯಿದೆ, ಮಾಡು ಭದ್ರವಿದೆ ಎಂಬ ನಂಬಿಕೆ ಎಷ್ಟು ಬೇಗ ಕುಸಿಯುತ್ತದೆಂದು ನಾವು ಕಣ್ಣಾರೆ ಕಂಡವರು. ಆ ದಿನಗಳಲ್ಲಿ ಮಣ್ಣಿನಲ್ಲಿ ಕೈಯಿಟ್ಟವರು, ಅನ್ನ ಬೇಯಿಸಿ ತಂದವರು ಯಾವ ಜಾತಿ, ಯಾವ ಮತ ಎಂದು ಯಾರೂ ಕೇಳಲಿಲ್ಲ. ಆಪತ್ತು ಕಲಿಸಿದ ಆ ಪಾಠವನ್ನು ಸಂತೋಷದ ದಿನವೂ ಮರೆಯಬಾರದು ಎಂದೇ ಸುಕ್ಕೋತಿನಂಥ ಹಬ್ಬಗಳು ಹುಟ್ಟಿರುವುದು. ಸೋರುವ ಮಾಡಿನಡಿ ಏಳು ದಿನ ಕೂತವನಿಗೆ ವರ್ಷವಿಡೀ ಸೋರುವ ಮಾಡಿನಡಿ ಇರುವವರ ಕಷ್ಟ ತಿಳಿಯಬೇಕು.

ಅದಕ್ಕಾಗಿ ಈ ವರ್ಷ ಹೊಸ್ತಿನ ದಿನ ಮೂರು ಕೆಲಸ ಮಾಡೋಣ. ಕದಿರು ಕಟ್ಟುವ ಕೆಲಸವನ್ನು ಮಕ್ಕಳ ಕೈಗೆ ಕೊಡೋಣ, ಭತ್ತವನ್ನು ಅವರ ಉಗುರಿನಿಂದಲೇ ಸುಲಿಸೋಣ. ಹಾಗೆ ಕೈಯಿಂದ ಕಲಿತದ್ದು ಮನೆಯಲ್ಲಿ ಉಳಿಯುತ್ತದೆ. ಪಾಯಸದ ಮೊದಲ ಪಾಲನ್ನು ಗದ್ದೆಯಿಲ್ಲದ ಮನೆಗೆ, ಗುಡ್ಡದ ಬುಡದಲ್ಲಿ ಹೆದರಿಕೊಂಡು ಮಲಗುವ ಮನೆಗೆ ಮುಟ್ಟಿಸಿ, ಮಳೆಗಾಲ ಬರುವ ಮೊದಲೇ ಅವರ ಮಾಡು, ಅವರ ಗೋಡೆ, ಹಿಂದಿನ ಧರೆ ಹೇಗಿದೆಯೆಂದು ವಿಚಾರಿಸೋಣ. ಪಕ್ಕದವರ ಹಬ್ಬ ಯಾವುದು, ಅವರು ಅದನ್ನು ಯಾಕೆ ಮಾಡುತ್ತಾರೆ ಎಂದು ಕೇಳಿ ತಿಳಿದು ಮಕ್ಕಳಿಗೂ ಹೇಳೋಣ. ಹಂಚಿ ಉಂಡ ಮೇಲೆಯೇ ಹೊಸ ಅಕ್ಕಿ ಮನೆಯ ಅನ್ನವಾಗುವುದು.

ಎಲ್ಲರ ಕಣಜವೂ ತುಂಬಲಿ.